ಮೂಕಪ್ಪನ ಬೆಟ್ಟಕ್ಕೆ ನಮ್ಮಕ್ಕ ಹೊತ್ತ ಕಲ್ಲು

ನಮ್ಮಕ್ಕ ಸುಂದ್ರಮ್ಮನ ಬಾಯಿ ನಮ್ಮೂರು ಹಂಗಳಕ್ಕೆಲ್ಲ ಗೊತ್ತು. ಶಾಲೆಯಲ್ಲಿ ಬಿಸಿಯೂಟ ಮಾಡುತ್ತಾಳೆ. ಒಲೆ ಮುಂದೆ ನಿಂತು ಉಪ್ಪು ಕೇಳಿದರೆ ರಸ್ತೆಯಲ್ಲಿ ಬಸ್ಸು ಕಾಯುವವರು ತಿರುಗಿ ನೋಡುತ್ತಾರೆ. ಸಾವಿನ ಮನೆಯಲ್ಲೂ ಒಂದು ಗಳಿಗೆ ಸುಮ್ಮನೆ ಕೂರುವವಳಲ್ಲ. ಬಾಯಿದ್ದವಳು ಬರಗಾಲದಲ್ಲೂ ಬದುಕುತ್ತಾಳೆ ಎಂದು ನಮ್ಮವ್ವ ಅವಳನ್ನು ನೋಡಿಯೇ ಹೇಳುತ್ತಿದ್ದಳು. ಇಂಥವಳು ಹೋಗಿ ಹೋಗಿ ಮೂಕಪ್ಪ ದೇವರಿಗೆ ಹರಕೆ ಹೊತ್ತಳಲ್ಲ!

ಮದುವೆಯಾಗಿ ಎಷ್ಟೋ ವರ್ಷಕ್ಕೆ ಹುಟ್ಟಿದ ಒಬ್ಬಳೇ ಮಗಳು ಮೀನಾ, ಮೂರನೇ ಕ್ಲಾಸು. ಕಾರ್ತಿಕದಲ್ಲಿ ಜ್ವರ ಬಂತು. ಸಾಮಾನ್ಯ ಜ್ವರವೆಂದುಕೊಂಡರೆ ಡೆಂಗಿ. ಚಾಮರಾಜನಗರದ ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಮಗುವಿನ ವಸಡಿನಲ್ಲಿ ರಕ್ತ ಬರುತ್ತಿತ್ತು. ಡಾಕ್ಟರು ಒಳ್ಳೆಯವರು, ಮುಚ್ಚಿಡಲಿಲ್ಲ. ಪ್ಲೇಟ್‌ಲೆಟ್ ಹಾಕುತ್ತಿದ್ದೇವೆ, ಆದರೂ ಬಿ.ಪಿ. ನಿಲ್ಲುತ್ತಿಲ್ಲ, ಏನೂ ಹೇಳಲಾರೆವು ಎಂದರು. ಭಾವ ನಿಂಗರಾಜು ಗೋಡೆಗೊರಗಿ ಕೂತುಬಿಟ್ಟ. ಅಕ್ಕ ಮಾತ್ರ ಕಣ್ಣೊರೆಸಿಕೊಂಡು, ನಾಳೆ ಸೋಮವಾರ, ಬೆಟ್ಟಕ್ಕೆ ಹೋಗುತ್ತೇನೆ ಎಂದಳು.

ಮೂಕಪ್ಪನ ಬೆಟ್ಟ ನಮ್ಮೂರಾಚೆ ಕಾಡಿನೊಳಗಿದೆ. ಕಾರ್ತಿಕ ಸೋಮವಾರ ಮಾತ್ರ ಅರಣ್ಯದವರು ದಾರಿ ಬಿಡುತ್ತಾರೆ, ಜೊತೆಗೊಬ್ಬ ವಾಚರ್ ಬರುತ್ತಾನೆ. ಹರಕೆಯವರು ಬುಡದ ಹಳ್ಳದಿಂದ ಒಂದು ಕಲ್ಲೆತ್ತಿ ತಲೆಯ ಮೇಲಿಟ್ಟುಕೊಂಡು ಬರಿಗಾಲಲ್ಲಿ ಹತ್ತಬೇಕು. ತುದಿಯಲ್ಲಿ ಮೂಕಪ್ಪನ ಮುಂದೆ ಕಲ್ಲಿಡುವ ತನಕ ಬಾಯಿ ಬಿಡಬಾರದು. ಒಂದು ಮಾತು ಆಡಿದರೂ ಹರಕೆ ಕೆಟ್ಟಿತು, ಯಾರ ಜೀವಕ್ಕಾಗಿ ಹೊತ್ತರೋ ಆ ಜೀವ ಉಳಿಯದು. ಆನೆಗಳಿರುವ ಕಾಡಿನಲ್ಲಿ ಗಲಾಟೆ ಬೇಡವೆಂದು ಹಿರಿಯರು ಕಟ್ಟಿದ ಕಥೆ ಅದು ಎಂದು ನನ್ನ ಲೆಕ್ಕ. ಅಕ್ಕನಿಗೆ ಹಾಗೆಂದು ಹೇಳಿಯೂ ಹೇಳಿದೆ. ಮಗುವನ್ನು ಈ ಸ್ಥಿತಿಯಲ್ಲಿ ಬಿಟ್ಟು ಹೋಗುವ ನೀನೆಂಥ ತಾಯಿ ಎಂದೂ ಬೈದೆ.

“ನೀನು ಮಗಿನ ತಾವ ಕೂತಿರು ಕಣಮ್ಮಿ ಕುಮಾರಿ. ಡಾಕ್ಟ್ರು ಅವರ್ದ ಮಾಡ್ತಾವ್ರೆ, ನಾನು ನನ್ದ ಮಾಡ್ಬುಟ್ ಬತ್ತೀನಿ” ಎಂದಳು. ನಾನು ಮಗುವಿನ ಪಕ್ಕ ಹೋಗಿ ಕೂತೆ.

ಬೆಳಗಾಗುವ ಮೊದಲೇ ಭಾವನ ಬೈಕಿನಲ್ಲಿ ಹೋದರು. ಭಾವ ಬುಡದಲ್ಲೇ ಉಳಿದ. ಹರಕೆ ಒಬ್ಬರದೇ ಆಗಬೇಕಂತೆ. ಮುಂದಿನದನ್ನು ನನಗೆ ಹೇಳಿದವನು ವಾಚರ್ ಮೂಗಯ್ಯ. ಎತ್ತಲಾರದಷ್ಟು ದೊಡ್ಡ ಕಲ್ಲನ್ನೇ ಆರಿಸಿಕೊಂಡಳಂತೆ. ಹೇಳಿದರೆ ಕೇಳುವ ಪೈಕಿಯಲ್ಲವಲ್ಲ. ಲಂಟಾನದ ಪೊದೆ ದಾಟುವಷ್ಟರಲ್ಲಿ ಸೀರೆ ಹರಿದಿತ್ತು. ಬಿದಿರುಮುಳ್ಳು ಪಾದಕ್ಕೆ ಹೊಕ್ಕಾಗ ಅವಳು ಕೂಗಲಿಲ್ಲ, ಮೂಗಯ್ಯನೇ ಅಯ್ಯೋ ಎಂದನಂತೆ. ಮೇಲೆ ಮೇಲೆ ಹೋದಂತೆ ಮರ ಮುಗಿದು ಬರೀ ಹುಲ್ಲು, ಮಂಜು. ಆನೆಯ ಹಸಿ ಲದ್ದಿ ದಾರಿಯಲ್ಲೇ ಬಿದ್ದಿತ್ತು. ಒಮ್ಮೆ ಜಾರಿ ಮಂಡಿ ಒಡೆದುಕೊಂಡಳು. ಕಲ್ಲು ಮಾತ್ರ ತಲೆಯಿಂದ ಇಳಿಯಲಿಲ್ಲ. ತುದಿ ಮುಟ್ಟಲು ಇನ್ನು ಒಂದು ಬೋಳುಬಂಡೆ ಮಾತ್ರ ಉಳಿದಿತ್ತು.

ಅದೇ ಹೊತ್ತಿಗೆ ಇಲ್ಲಿ ಆಸ್ಪತ್ರೆಯಲ್ಲಿ ಮೀನಾ ಕಣ್ಣು ಬಿಟ್ಟಳು. ಅವ್ವ ಎಲ್ಲಿ ಎಂದಳು. ಬರುತ್ತಾಳೆ ಎಂದೆ. ಮತ್ತೆ ಅದನ್ನೇ ಕೇಳಿದಳು. ಕಾಡಿನಲ್ಲಿ ಸಿಗ್ನಲ್ ಇರುವುದಿಲ್ಲ, ಆದರೂ ಮಗುವಿನ ಸಮಾಧಾನಕ್ಕೆಂದು ಅಕ್ಕನಿಗೆ ಫೋನು ಮಾಡಿದೆ. ಬಂಡೆಯ ಬುಡಕ್ಕೆ ಕೇರಳದ ಕಡೆಯ ಟವರು ಸಿಗುತ್ತದಂತೆ. ರಿಂಗಾಯಿತು. ಎತ್ತಿಕೊಂಡಳು.

ಫೋನನ್ನು ಮಗುವಿನ ಬಾಯಿಯ ಹತ್ತಿರ ಹಿಡಿದೆ. ಆ ಕಡೆಯಿಂದ ಏದುಸಿರು ಬಿಟ್ಟರೆ ಬೇರೇನೂ ಇಲ್ಲ.

“ಅವ್ವಾ” ಎಂದಳು ಮೀನಾ. ಸ್ವಲ್ಪ ಕಾದಳು. “ಯಾಕವ್ವಾ ಮಾತಾಡಾಕಿಲ್ಲ? ಕ್ವಾಪವಾ ನನ್ ಮ್ಯಾಲೆ?”

ಮಾತಾಡೇ ಅಕ್ಕ, ಒಂದೇ ಒಂದು ಮಾತು ಆಡೇ ಎಂದು ವಾರ್ಡೆಲ್ಲ ಕೇಳುವಂತೆ ಅರಚಿದೆ. ಏದುಸಿರು ಜೋರಾಯಿತು. ಅವಳು ಒಂದು ಕೈಯಲ್ಲಿ ತಲೆಯ ಮೇಲಿನ ಕಲ್ಲು, ಒಂದು ಕೈಯಲ್ಲಿ ಫೋನು ಹಿಡಿದು, ಸೆರಗು ಕಚ್ಚಿಕೊಂಡು, ಮುಖವೆಲ್ಲ ನೀರಾಗಿ ನಿಂತಿದ್ದಳು ಎಂದು ಮೂಗಯ್ಯ ಹೇಳುತ್ತಾನೆ. ಒಂದು ಮಾತು ಆಡಿದರೆ ಮಗಳು ಸಾಯುತ್ತಾಳೆ ಎಂದು ನಂಬಿದವಳು ಏನು ಮಾಡಿಯಾಳು? ಆಸ್ಪತ್ರೆಯಲ್ಲಿ ಕೂತು ಬೈದುಬಿಡುವುದು ನನಗೆ ಸುಲಭವಿತ್ತು. ಲೈನು ಕಟ್ಟಾಯಿತು.

ಆಮೇಲೆ ಬಂಡೆ ಹತ್ತಿದ್ದನ್ನು ನೋಡಲಾಗಲಿಲ್ಲ ಎನ್ನುತ್ತಾನೆ ಮೂಗಯ್ಯ. ಒಂದು ಕೈಯಲ್ಲಿ ತಲೆಯ ಕಲ್ಲು ಹಿಡಿದು, ಇನ್ನೊಂದು ಮೊಣಕೈಯೂರಿ, ತೆವಳಿ, ರಕ್ತ ಸೋರಿಸಿಕೊಂಡು ಹತ್ತಿದಳಂತೆ.

ಇಲ್ಲಿ ಮೀನಾ ಆ ಕಡೆ ಮುಖ ತಿರುಗಿಸಿ ಮಲಗಿದಳು. ಉಸಿರು ಸಿಕ್ಕಿಕೊಂಡಂತಾಯಿತು. ಡಾಕ್ಟರು ಓಡಿ ಬಂದರು, ಎದೆ ಒತ್ತಿದರು, ಸೂಜಿ ಚುಚ್ಚಿದರು. ಕೊನೆಗೆ ಕೈ ಬಿಟ್ಟು ನನ್ನ ಕಡೆ ನೋಡಿದರು.

ನರ್ಸಮ್ಮ ಡ್ರಿಪ್ಪಿನ ನಳಿಕೆ ತೆಗೆಯುತ್ತಿದ್ದಾಗ ಫೋನು ಬಂತು. ಎತ್ತಿದೆ. ನನಗೆ ಹಲೋ ಎನ್ನುವುದಕ್ಕೂ ಬಿಡಲಿಲ್ಲ.

“ಇಟ್‌ಬುಟ್ಟೆ ಕಣಮ್ಮಿ, ಕಲ್ಲು ಇಟ್‌ಬುಟ್ಟೆ! ಇನ್ ಏನೂ ಆಗಾಕಿಲ್ಲ ಮಗಿಗೆ. ಫೋನ ಅವಳ ಕಿವಿಗ್ ಇಡು, ಬಿರ್ನೆ ಇಡಮ್ಮಿ. ಮಗಾ, ಅವ್ವ ಕಣ್ ಮಗ. ಕ್ವಾಪ ಇಲ್ಲ ಕಣವ್ವ. ಮಾತಾಡ್ತಾ ಇವ್ನಿ ನೋಡು…”

ಆ ಬೆಟ್ಟದ ತುದಿಯಲ್ಲಿ ಅವಳಿಗೆ ಹೇಗೆ ಹೇಳಲಿ? ಫೋನನ್ನು ಮಗುವಿನ ಕಿವಿಗಿಟ್ಟೆ. ಅಕ್ಕ ಮಾತಾಡುವಷ್ಟು ಹೊತ್ತೂ ಹಿಡಿದುಕೊಂಡೇ ನಿಂತಿದ್ದೆ.