ಸಾಬೂನು ನೀರಿನ ಬಕೆಟ್ಟು

ನನ್ನ ಸೋದರಮಾವನನ್ನು ಜೇನು ಸಂಶೋಧನಾ ಕೇಂದ್ರದಲ್ಲಿ ಎಲ್ಲರೂ ರಾಣಿಮಾವ ಎನ್ನುತ್ತಿದ್ದರು. ತೋಟದ ಪೆಟ್ಟಿಗೆಗಳಲ್ಲಿದ್ದ ಒಂದೊಂದು ರಾಣಿಜೇನೂ ಎಂದು ಹುಟ್ಟಿತು, ಅದರ ತಾಯಿ ಯಾವುದು, ಅಜ್ಜಿ ಯಾವುದು ಎಂಬುದೆಲ್ಲ ಅವನ ನಾಲಿಗೆಯ ತುದಿಯಲ್ಲಿರುತ್ತಿತ್ತು. ಹೆಂಡತಿ ಹುಟ್ಟಿದ ದಿನ ಮಾತ್ರ ನೆನಪಿರುತ್ತಿರಲಿಲ್ಲ. "ನಾನೂ ಒಂದು ಪೆಟ್ಟಿಗೆಯೊಳಗೆ ಹೋಗಿ ಕೂತ್ಕೋಬೇಕಿತ್ತು," ಎನ್ನುತ್ತಿದ್ದಳು ಅತ್ತೆ.

ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ತುಡುವೆ ಜೇನಿಗೆ ರೋಗ ಬಂದ ವರ್ಷ ನಾನಿನ್ನೂ ಶಾಲೆಯಲ್ಲಿದ್ದೆ. ಮರಿಗಳು ಮೇಣದ ಎರಿಯ ಕೋಣೆಯೊಳಗೇ ನೀರು ತುಂಬಿದ ಚೀಲಗಳಾಗಿ ಸಾಯುತ್ತಿದ್ದವು. ಕೇಂದ್ರದ ನೂರಾಹನ್ನೆರಡು ಪೆಟ್ಟಿಗೆಗಳಲ್ಲಿ ಉಳಿದದ್ದು ಒಂದೇ, ನಲವತ್ತೊಂದನೆಯದು. ಅದರ ಕೆಲಸಗಾರ ನೊಣಗಳು ಕಾಯಿಲೆ ಬಿದ್ದ ಮರಿಯನ್ನು ಮೂಸಿಯೇ ಕಂಡುಹಿಡಿದು, ಮುಚ್ಚಳ ಕಿತ್ತು, ಎಳೆದು ಹೊರಗೆ ಎಸೆಯುತ್ತಿದ್ದವು. "ಮನೆ ಗುಡಿಸೋ ಬುದ್ಧಿ ಇವುಗಳ ರಕ್ತದಲ್ಲೇ ಇದೆ," ಎಂದ ಮಾವ. ಆ ರಕ್ತಕ್ಕೆ ಬೇರೆಯದು ಬೆರೆಯಬಾರದು ಎಂದು ಅವತ್ತೇ ತೀರ್ಮಾನಿಸಿದ. ಅವನು ಹಿಡಿದ ಪಟ್ಟು ಬಿಡುವ ಪೈಕಿಯಲ್ಲ.

ರಾಣಿ ಹೊರಗೆ ಹಾರಿದರೆ ಗಾಳಿಯಲ್ಲೇ ಹತ್ತಾರು ಗಂಡುಗಳೊಂದಿಗೆ ಕೂಡಿ ಬರುತ್ತದೆ. ಅದಕ್ಕೇ ಮಾವ ಆ ಪೆಟ್ಟಿಗೆಯ ಬಾಯಿಗೂ, ಅದರಿಂದ ಒಡೆದು ಮಾಡಿದ ಪೆಟ್ಟಿಗೆಗಳ ಬಾಯಿಗೂ ಜಾಲರಿ ಬಡಿದ. ಕೆಲಸಗಾರ ನೊಣಗಳು ಅದರಲ್ಲಿ ನುಸುಳುತ್ತಿದ್ದವು. ದಪ್ಪ ಮೈಯ ರಾಣಿ, ಗಂಡುಗಳಿಗೆ ದಾರಿಯಿರಲಿಲ್ಲ. ಮದುವೆಯೆಲ್ಲ ಪ್ರಯೋಗಾಲಯದ ಮೇಜಿನ ಮೇಲೆ. ರಾಣಿಯನ್ನು ಗ್ಯಾಸಿನಿಂದ ಮಲಗಿಸಿ, ಸೂಕ್ಷ್ಮದರ್ಶಕದಡಿ ಕೂದಲೆಳೆಯಂಥ ಗಾಜಿನ ಸೂಜಿಯಿಂದ ನಮ್ಮದೇ ಗಂಡುಗಳ ವೀರ್ಯ ಸೇರಿಸುತ್ತಿದ್ದ. ಹತ್ತನೇ ತರಗತಿ ಓದಿದವನ ಕೈ ಅದು. ದೊಡ್ಡ ಸಾಹೇಬರೂ ಪಕ್ಕದಲ್ಲಿ ಉಸಿರು ಬಿಗಿಹಿಡಿದು ನೋಡುತ್ತಿದ್ದರು.

ಇನ್ನು ಬಕೆಟ್ಟಿನ ವಿಷಯ. ಮಧ್ಯಾಹ್ನ ಹಾರಾಡುವ ಹೊರಗಿನ ಗಂಡುನೊಣಗಳು ಸಿಕ್ಕ ಗೂಡಿಗೆ ನುಗ್ಗಲು ನೋಡುತ್ತವೆ. ನಮ್ಮ ಗಂಡುಗಳೆಲ್ಲ ಒಳಗೇ ಇದ್ದುದರಿಂದ ಜಾಲರಿಯ ಹೊರಗೆ ಕೂತದ್ದು ಯಾವುದೇ ಆಗಲಿ, ಕಾಡಿನದು. "ಬಂದ್ರು ನೋಡು ಪೋಲಿ ಅಳಿಯಂದಿರು," ಎಂದು ಮಾವ ಎರಡು ಬೆರಳಲ್ಲಿ ಹೆಕ್ಕಿ ಸಾಬೂನು ನೀರಿನ ಬಕೆಟ್ಟಿಗೆ ಹಾಕುತ್ತಿದ್ದ. ಗಂಡಿಗೆ ಕೊಂಡಿ ಇಲ್ಲ, ಕಚ್ಚುವ ಭಯವಿಲ್ಲ. ಸಂಜೆ ಎಣಿಸಿ ಗೋಡೆಯ ಕರಿಹಲಗೆಯ ಮೇಲೆ ಬರೆಯುತ್ತಿದ್ದ. ಮೊದಲ ವರ್ಷ ಸಾವಿರದ ನಾನೂರ ಆರು. ಆಮೇಲೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತ ಬಂತು. ಒಂಬತ್ತನೆಯ ವರ್ಷ ಸೊನ್ನೆ. ಅಷ್ಟು ಹೊತ್ತಿಗೆ ಒಂದು ಪೆಟ್ಟಿಗೆ ಹೋಗಿ ಅರವತ್ತಾಗಿತ್ತು. ಸೊನ್ನೆ ಬರೆದ ದಿನ ಮಾವ ಇಡೀ ಕೇಂದ್ರಕ್ಕೆ ಕಾಫಿ ಕೊಡಿಸಿದ. ನಾನು ಆಗಷ್ಟೇ ಡಿಗ್ರಿ ಮುಗಿಸಿ ಅಲ್ಲಿ ಕೆಲಸಕ್ಕೆ ಸೇರಿದ್ದೆ, ನಾನೂ ಕುಡಿದೆ.

ಮರುವರ್ಷ ಎರಿಗಳಲ್ಲಿ ತೂತು ಕಾಣಿಸಿತು. ಮರಿಯಿರಬೇಕಾದ ಕೋಣೆಗಳು ಅಲ್ಲಲ್ಲಿ ಖಾಲಿ. ಮಾವ ರೋಗವೇ ಮರಳಿತೆಂದು ಹೆದರಿ ಇನ್ನೂ ಬಿಗಿ ಮಾಡಿದ. ಮೂರೇ ಒಳ್ಳೆಯ ತಾಯಿಗಳನ್ನು ಆರಿಸಿ ಅವುಗಳ ಹೆಣ್ಣು ಗಂಡುಗಳನ್ನೇ ಕೂಡಿಸಿದ. ಮುಂದಿನ ವರ್ಷ ಅರ್ಧಕ್ಕರ್ಧ ಕೋಣೆಗಳು ಖಾಲಿ. ಮನೆ ಸರಿಯಿಲ್ಲ ಎನಿಸಿದರೆ ಗೂಡು ಬಿಟ್ಟು ಎದ್ದು ಹೋಗುವುದು ತುಡುವೆಯ ಗುಣ. ಇವೂ ಹೊರಟವು. ಆದರೆ ರಾಣಿ ಜಾಲರಿಯ ಹಿಂದೆ ಸಿಕ್ಕಿಬಿದ್ದಿತ್ತಲ್ಲ, ತೋಟವನ್ನು ಒಂದು ಸುತ್ತು ಹಾಕಿ ಮತ್ತೆ ಅದೇ ಪೆಟ್ಟಿಗೆಗೆ ಬರುತ್ತಿದ್ದವು. ಅದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ.

ರೋಗವಾದರೆ ಹೆಣ ಸಿಗಬೇಕು. ಇಲ್ಲಿ ಒಂದೂ ಹೆಣವಿರಲಿಲ್ಲ. ನನಗೆ ಅನುಮಾನ ಬಂದು, ಆಗಷ್ಟೇ ಇಟ್ಟ ಮೊಟ್ಟೆಗಳನ್ನು ಕೆಲಸಗಾರ ನೊಣಗಳ ಕೈಗೆ ಸಿಗದಂತೆ ಕಾವುಪೆಟ್ಟಿಗೆಯಲ್ಲಿಟ್ಟು, ನಾನೇ ಉಣಿಸಿ ಬೆಳೆಸಿದೆ. ಹೆಣ್ಣಾಗಬೇಕಿದ್ದ ಮೊಟ್ಟೆಗಳಲ್ಲಿ ಅರ್ಧ ಗಂಡಾದವು. ಆಗ ಎಲ್ಲ ತಿಳಿಯಿತು.

ಹೇಳುವ ಧೈರ್ಯ ಬರಲು ಒಂದು ತಿಂಗಳು ಬೇಕಾಯಿತು. ಒಂದು ಭಾನುವಾರ ಅವರ ಅಡುಗೆಮನೆಯಲ್ಲಿ ಅತ್ತೆ ಬಟಾಣಿ ಸುಲಿಯುತ್ತಿದ್ದಾಗ ಹೇಳಿದೆ.

"ಮಾವ, ಮರಿ ಹೆಣ್ಣಾಗಬೇಕಾದ್ರೆ ತಾಯಿಯಿಂದ ಒಂದು ಗುರುತು, ತಂದೆಯಿಂದ ಒಂದು ಗುರುತು ಬರುತ್ತೆ. ಎರಡೂ ಬೇರೆಬೇರೆ ಇರಬೇಕು. ಎರಡೂ ಒಂದೇ ಆದ್ರೆ ಅದು ಗಂಡಾಗುತ್ತೆ, ಆದರೆ ಆಗಬಾರದ ಗಂಡು. ಕೆಲಸಗಾರ ನೊಣಗಳಿಗೆ ಅದು ಗೊತ್ತಾಗಿಬಿಡುತ್ತೆ. ಹುಟ್ಟಿದ ಒಂದೆರಡು ದಿನದಲ್ಲೇ ತಿಂದುಬಿಡ್ತವೆ."

"ಅಂದ್ರೆ ಇಷ್ಟು ವರ್ಷ ಅಣ್ಣ ತಂಗಿಗೇ ಗಂಟು ಹಾಕ್ತಿದ್ರೇನ್ರೀ?" ಎಂದಳು ಅತ್ತೆ. ತಮಾಷೆಗೇ ಅಂದಿದ್ದಳು. ಗಂಡನ ಮುಖ ನೋಡಿ ಮತ್ತೆ ಬಟಾಣಿಗೆ ಕೈಹಾಕಿದಳು.

"ಹೊರಗಿನ ಗಂಡು ಬೇಕು ಅಂತೀಯಾ?" ಎಂದು ಕೇಳಿದ ಮಾವ.

"ಹೂಂ."

"ಅವು ರೋಗ ತಂದ್ರೆ?"

"ಅಷ್ಟು ದೊಡ್ಡ ರೋಗ ಬಂದ್ಮೇಲೂ ಹೊರಗೆ ಬದುಕಿದ್ದವಲ್ಲ ಮಾವ. ಅವೂ ಅದನ್ನ ಗೆದ್ದೇ ಬಂದಿದ್ದವು."

ಮಾವ ತನ್ನ ಎರಡು ಬೆರಳುಗಳನ್ನು ನೋಡಿಕೊಂಡ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಮಾತು ನನ್ನ ಬಾಯಿಗೆ ಬಂದಿತ್ತು, ಪುಣ್ಯಕ್ಕೆ ಆಡಲಿಲ್ಲ.

ಮರುದಿನ ಅವನೇ ಇಕ್ಕಳ ಹಿಡಿದು ಜಾಲರಿಗಳನ್ನೆಲ್ಲ ಕಿತ್ತ. ಅರವತ್ತರಲ್ಲಿ ಆಗ ಉಳಿದಿದ್ದದ್ದು ಏಳು ಪೆಟ್ಟಿಗೆ. ನಾನು ಬೇರೆ ಕೇಂದ್ರಗಳಿಗೆಲ್ಲ ಪತ್ರ ಬರೆದೆ. ಅವರು ತುಡುವೆ ಬಿಟ್ಟು ದೊಡ್ಡ ವಿದೇಶಿ ಜೇನು ಸಾಕತೊಡಗಿ ವರ್ಷಗಳಾಗಿದ್ದವು. ಅದರ ಗಂಡು ಇದಕ್ಕೆ ಕೂಡಿಬರುವುದಿಲ್ಲ. ಸುತ್ತಲಿನ ಮರದ ಪೊಟರೆ, ಕಲ್ಲಿನ ಸಂದು, ಹಳೆ ಕಟ್ಟಡಗಳ ಗೋಡೆ ಎಲ್ಲ ಹುಡುಕಿಸಿದೆ. ಎಲ್ಲೂ ಒಂದು ಗೂಡಿಲ್ಲ. ಮೂರು ಎಳೆಯ ರಾಣಿಗಳು ಗಂಡು ಹುಡುಕಿ ಹಾರಿಹೋದವು, ಒಂದು ಮಾತ್ರ ಬರಿದೇ ಹಿಂತಿರುಗಿತು.

ಜಾಲರಿ ಹೋದ ಮೇಲೆ ನಮ್ಮ ಗಂಡುಗಳೂ ಹೊರಗೆ ಸುತ್ತತೊಡಗಿದ್ದವು. ಯಾವುದು ನಮ್ಮದು, ಯಾವುದು ಹೊರಗಿನದು ತಿಳಿಯಬೇಕಲ್ಲ. ನಾವಿಬ್ಬರೂ ಕೂತು ಪ್ರತಿಯೊಂದರ ಬೆನ್ನಿಗೂ ಕಚೇರಿಯ ವೈಟ್ನರಿನಿಂದ ಬಿಳಿ ಚುಕ್ಕೆ ಇಟ್ಟೆವು. ಆಮೇಲೆ ಮಾವ ದಿನಾ ಮಧ್ಯಾಹ್ನ ಸ್ಟೂಲು ಹಾಕಿಕೊಂಡು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಚುಕ್ಕೆಯಿಲ್ಲದ ಗಂಡಿಗಾಗಿ ಕಾದ. ನಿವೃತ್ತಿಗೆ ಐದು ತಿಂಗಳಿತ್ತು. ಪೆಟ್ಟಿಗೆಗಳು ಏಳರಿಂದ ನಾಲ್ಕಾದವು, ನಾಲ್ಕರಿಂದ ಎರಡು. ನನಗೆ ಅವನ ಮೇಲೆ ಸಿಟ್ಟಿತ್ತು, ಅಳುವೂ ಬರುತ್ತಿತ್ತು. ಎರಡನ್ನೂ ತೋರಿಸುವಂತಿರಲಿಲ್ಲ.

ಒಂದು ದಿನ ಮೂರು ಗಂಟೆಯ ಹೊತ್ತಿಗೆ ಓಡಿಬಂದ. ಆ ವಯಸ್ಸಿನಲ್ಲಿ ಅವನು ಓಡಿದ್ದನ್ನು ನಾನು ನೋಡಿರಲಿಲ್ಲ. ಎರಡೂ ಅಂಗೈಗಳ ನಡುವೆ ಒಂದು ಗಂಡುನೊಣ.

"ಚುಕ್ಕೆ ಇಲ್ಲ ಪುಟ್ಟಿ. ಮೂರು ಸಲ ನೋಡ್ದೆ. ನೀನೊಮ್ಮೆ ನೋಡು."

ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದೆ. ಬೆನ್ನಿನ ಮೇಲೆ ಚುಕ್ಕೆಯಿರಲಿಲ್ಲ. ರೆಕ್ಕೆಯ ಬುಡದ ಕೂದಲಲ್ಲಿ ಮಾತ್ರ ಬಿಳಿ ಬಣ್ಣದ ಒಂದು ಚೂರು ಅಂಟಿಕೊಂಡಿತ್ತು.

ಮಾವ ಬಾಗಿಲಲ್ಲೇ ನಿಂತಿದ್ದ. "ಎಲ್ರಿಗೂ ಕಾಫಿ ಹೇಳ್ಲಾ?" ಎಂದು ಕೇಳಿದ.

"ಬೇಡ ಮಾವ," ಎಂದೆ.