ಅಕ್ಕ ಕಾಲು ಎಣಿಸಿದ ದಿನ

ನಾನಿನ್ನೂ ಚಿಕ್ಕವನಿದ್ದಾಗ, ಮಕ್ಕಳೇ, ನಮ್ಮ ಮನೆ ರಾವೂರಿನಲ್ಲಿತ್ತು. ಅಪ್ಪ ಕಲ್ಲಿನ ಗಣಿಯಲ್ಲಿ ದುಡಿಯುತ್ತಿದ್ದ. ಮನೆಯ ನೆಲ, ಗೋಡೆ, ನೀರಿನ ತೊಟ್ಟಿ, ಎಲ್ಲವೂ ಬೂದು ಬಣ್ಣದ ಹಾಸುಗಲ್ಲಿನವು. ಬೇಸಿಗೆಯಲ್ಲಿ ಆ ನೆಲಕ್ಕೆ ನೀರು ಚಿಮುಕಿಸಿದರೆ ಮಣ್ಣಿನ ವಾಸನೆಯೊಂದು ಏಳುತ್ತಿತ್ತು.

ಅಕ್ಕ ಆಗ ಏಳನೇ ತರಗತಿ. ಶಾಲೆಗೆ ಹೊಸದಾಗಿ ಬಂದ ಮಾಸ್ತರರು ಪ್ರಾಣಿಗಳನ್ನು ಗುರುತಿಸುವ ಉಪಾಯವೊಂದನ್ನು ಹೇಳಿಕೊಟ್ಟಿದ್ದರು. ಒಂದೊಂದೇ ಪ್ರಶ್ನೆ ಕೇಳುತ್ತ ಹೋಗಬೇಕು. ಕಾಲಿವೆಯೇ? ಇದ್ದರೆ ಒಂದು ದಾರಿ, ಇಲ್ಲದಿದ್ದರೆ ಇನ್ನೊಂದು. ಎಷ್ಟು ಕಾಲು? ಮೈಮೇಲೆ ಕೂದಲೋ, ಪುಕ್ಕವೋ, ಹುರುಪೆಯೋ? ದಾರಿ ಕವಲೊಡೆಯುತ್ತ ಹೋಗಿ ಕೊನೆಗೆ ಆ ಪ್ರಾಣಿಯ ಬಳಗ ಸಿಗುತ್ತದೆ. ಅಕ್ಕ ಅದನ್ನೆಲ್ಲ ಅಂಗಳದ ಕಲ್ಲಿನ ಮೇಲೆ ಸೀಮೆಸುಣ್ಣದಿಂದ ಬರೆದಿದ್ದಳು. ಇರುವೆ, ಜೇಡ, ಕಪ್ಪೆ, ಎದುರಿಗೆ ಬಂದದ್ದನ್ನೆಲ್ಲ ಆ ಗೆರೆಗಳ ಮೇಲೆ ನಡೆಸುತ್ತಿದ್ದಳು. ನನಗೋ ಬರೀ ಬೇಸರ. ನನ್ನ ಜೀವವೆಲ್ಲ ಗೋಲಿಯಾಟದಲ್ಲಿ.

ಒಂದು ರವಿವಾರ ಬೆಳಿಗ್ಗೆ ನನ್ನ ಗೋಲಿ ಉರುಳಿ ಕಲ್ಲಿನ ರಾಶಿಯ ಸಂದಿಗೆ ಬಿತ್ತು. ಕೈ ಹಾಕಿದೆ. ಏನೋ ನುಣ್ಣಗೆ ಜಾರಿದಂತಾಯಿತು, ಮರುಕ್ಷಣವೇ ಬೆರಳು ಚುರ್ ಎಂದಿತು. ಹೊಳೆಯುವ ಬಾಲವೊಂದು ಕಲ್ಲಿನಡಿ ಸರ್ರನೆ ಸರಿದದ್ದಷ್ಟೇ ಕಂಡಿತು.

“ಯವ್ವಾ, ಹಾವು!” ಎಂದು ಚೀರಿದೆ.

ಅವ್ವ ರೊಟ್ಟಿ ಬಡಿಯುವ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಪಕ್ಕದ ಮನೆಯ ಕಾಕಾ ಬಡಿಗೆ ಹಿಡಿದು ಬಂದರು. ಅಪ್ಪ ಸೈಕಲ್ ತೆಗೆದ. ಇನ್ನು ನಾನು ಉಳಿಯುವುದಿಲ್ಲ ಎಂದುಕೊಂಡೆ. ಆಗ ಅಕ್ಕ ನನ್ನ ಮುಂದೆ ಕುಕ್ಕರಗಾಲಲ್ಲಿ ಕುಳಿತು ಕೇಳಿದಳು:

“ಅದಕ್ಕ ಕಾಲ ಇದ್ದವೋ ಇಲ್ಲೋ?”

“ನಾ ಸಾಯ್ಲಿಕತ್ತೀನಿ, ನೀ ಕಾಲ ಕೇಳ್ತಿ!”

“ಅಳೂದು ಆಮ್ಯಾಲ. ಮೊದಲ ಹೇಳು.”

“ಬಾಲ ಅಷ್ಟ ಕಂಡದ,” ಎಂದು ಬಿಕ್ಕಿದೆ.

ಅಕ್ಕ ಅಪ್ಪನ ಕಡೆ ತಿರುಗಿದಳು. “ಅಪ್ಪಾ, ಏನು ಕಚ್ಚ್ಯದ ಅಂತ ಡಾಕ್ಟರ್ ಕೇಳ್ತಾರ. ಒಂದ್ಸಲ ಕಲ್ಲು ಎತ್ತು, ನೋಡೇ ಹೋಗೋಣ.”

ಅಪ್ಪ ಹಾರೆ ತಂದು ಕಲ್ಲು ಮೀಟಿದ. ಕಾಕಾ ಬಡಿಗೆ ಎತ್ತಿದರು.

“ಬಡೀಬ್ಯಾಡ್ರಿ ಕಾಕಾ! ಜಜ್ಜಿಬಿಟ್ರ ಕಾಲು ಹ್ಯಾಂಗ ಎಣಿಸೂದು?”

ಕಲ್ಲಿನಡಿ ಎಣ್ಣೆ ಸವರಿದಂತೆ ಮಿರಮಿರ ಮಿಂಚುವ ಕಂದು ಜೀವಿಯೊಂದು ಮುದುಡಿ ಕುಳಿತಿತ್ತು. ಅಕ್ಕ ದೂರದಿಂದಲೇ ಬೆರಳು ತೋರಿಸಿ ಎಣಿಸಿದಳು. ಮುಂದೆರಡು, ಹಿಂದೆರಡು ಪುಟ್ಟ ಕಾಲು. “ನಾಕು ಕಾಲ. ಮೈಮ್ಯಾಲ ಹುರುಪಿ. ಹಾವಲ್ಲ, ಹಲ್ಲಿ ಬಳಗದ್ದು!”

“ಹಾವುರಾಣಿ ಅದು, ಭಾಳ ವಿಷದ್ದು!” ಎಂದರು ಕಾಕಾ.

“ಇದಕ್ಕ ವಿಷ ಇಲ್ಲಂತ ನಮ್ಮ ಮಾಸ್ತರ್ ಹೇಳ್ಯಾರ್ರಿ.”

ಬಡಿಗೆ ಅರ್ಧಕ್ಕೆ ಇಳಿಯಿತು. ಹಾವುರಾಣಿ ಒಮ್ಮೆ ಕಣ್ಣು ಮಿಟುಕಿಸಿ ಹುಲ್ಲಿನೊಳಗೆ ಮಾಯವಾಯಿತು.

ಆದರೂ ಅಪ್ಪ ನಮ್ಮಿಬ್ಬರನ್ನೂ ಸೈಕಲ್ ಮೇಲೆ ಕೂರಿಸಿಕೊಂಡು ಪಕ್ಕದ ಊರು ವಾಡಿಯ ದವಾಖಾನೆಗೆ ತುಳಿದ. ದಾರಿಯ ಗಿಡಗಳ ಮೇಲೆಲ್ಲ ಬಿಳಿ ಧೂಳು. ಅಕ್ಕ ನನ್ನ ಅಂಗಿ ಬಿಗಿಯಾಗಿ ಹಿಡಿದು, “ನಾಕು ಕಾಲ, ನಾಕು ಕಾಲ” ಎಂದು ದಾರಿಯುದ್ದಕ್ಕೂ ತನ್ನಷ್ಟಕ್ಕೇ ಹೇಳಿಕೊಳ್ಳುತ್ತಿದ್ದಳು. ಅವಳಿಗೂ ಹೆದರಿಕೆಯಾಗಿತ್ತು ಎಂಬುದು ನನಗೆ ತಿಳಿದದ್ದು ಆಗಲೇ.

“ಏನು ಕಚ್ಚಿತಪ್ಪ?” ಎಂದು ಡಾಕ್ಟರು ಕೇಳಿದರು. ಅಪ್ಪ ಬಾಯಿ ತೆರೆಯುವ ಮೊದಲೇ ನಾನು ಒದರಿದೆ: “ನಾಕು ಕಾಲ, ಮೈಮ್ಯಾಲ ಹುರುಪಿ, ಹಲ್ಲಿ ಬಳಗದ್ದ್ರಿ!” ಡಾಕ್ಟರು ಗಾಯ ನೋಡಿ, ಹೌದೆಂದು ಜೋರಾಗಿ ನಕ್ಕರು. ಅವರು ಹಚ್ಚಿದ ಔಷಧ ಮಾತ್ರ ಹಾವುರಾಣಿಗಿಂತ ಹೆಚ್ಚು ಉರಿಯಿತು! ಹೊರಗೆ ಬಂದು ಅಪ್ಪ ಬಿಸಿ ಮಿರ್ಚಿ ಭಜಿ ಕೊಡಿಸಿದ. ಅಕ್ಕನಿಗೆ ಒಂದು ಹೆಚ್ಚಿಗೆ.

ಮರುದಿನ ಕಾಕಾ ಕಡ್ಡಿಪೆಟ್ಟಿಗೆಯೊಂದನ್ನು ಹಿಡಿದು ನಮ್ಮ ಅಂಗಳಕ್ಕೆ ಬಂದರು. ಒಳಗೆ ಏನೋ ಪರಪರ ಎನ್ನುತ್ತಿತ್ತು. “ನೋಡವ್ವಾ, ಇದು ಯಾರ ಬಳಗ?” ಎಂದರು.

ಈಗ ನೀವು ಫೋನ್ ಹಿಡಿದು ಚಿತ್ರ ತೆಗೆದರೆ ಸಾಕು, ಹೆಸರು ತಾನಾಗಿ ಬರುತ್ತದೆ. ಅಕ್ಕನಿಗೆ ಅದು ಸಿಕ್ಕಿದ್ದರೆ ಕುಣಿದಾಡುತ್ತಿದ್ದಳು. ಆದರೆ ಮೊನ್ನೆ ಸೇಡಂನ ನಮ್ಮ ಮನೆಯಲ್ಲಿ ಏನಾಯಿತು? ಗೋಡೆಯ ಮೇಲಿನ ಒಂದೇ ಹುಳಕ್ಕೆ ನಿಮ್ಮಿಬ್ಬರ ಫೋನು ಎರಡು ಹೆಸರು ಹೇಳಿದವು. ಜಗಳವಾಡಿ ಸಾಕಾಗಿ, ಫೋನು ಬದಿಗಿಟ್ಟು, ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಹೋದಿರಿ.

“ಎಂಟು ಕಾಲು!”

“ಅಲ್ಲ, ಆರೇ! ಮುಂದಿನವೆರಡು ಮೀಸೆ!”

ನಾನೂ ಕನ್ನಡಕ ಒರೆಸಿಕೊಂಡು ಬಂದು ನಿಮ್ಮಿಬ್ಬರ ನಡುವೆ ತಲೆ ತೂರಿಸಿದೆ.