ಇಂಜಿನ್ ತೊಟ್ಟಿಯ ಬಿಸಿನೀರು

ನಮ್ಮ ಹಿಟ್ಟಿನ ಗಿರಣಿಯ ಇಂಜಿನ್ ಕೆಟ್ಟದ್ದು ನನ್ನ ಮಗಳ ಕಾಲ್ಗುಣದಿಂದಲ್ಲ. ನಮ್ಮತ್ತೆ ಅದರ ನೀರು ಮೊಗೆದಳು, ಅದಕ್ಕೆ ಕೆಟ್ಟಿತು. ಅಷ್ಟೇ.

ಎಪ್ಪತ್ತರ ದಶಕದ ಮಾತು. ಹೊಸದುರ್ಗದ ಕಡೆಯವಳಾದ ನನ್ನನ್ನು ಯಲ್ಲದಕೆರೆಗೆ ಕೊಟ್ಟಿದ್ದರು. ಮನೆಗೆ ಅಂಟಿಕೊಂಡೇ ಗಿರಣಿ. ಡೀಸೆಲ್ ಇಂಜಿನ್ನಿನ ಹಿಂದೆ ಕಲ್ಲುಕಟ್ಟೆಯ ಮೇಲೆ ಸಿಮೆಂಟಿನ ತೊಟ್ಟಿ, ನಡುವೆ ಎರಡು ಕೊಳವೆ. ಕಾದ ನೀರು ಮೇಲಿನ ಕೊಳವೆಯಲ್ಲಿ ತಾನೇ ಏರಿ ತೊಟ್ಟಿಗೆ ಹೋಗುತ್ತಿತ್ತು. ಆರಿದ ನೀರು ಕೆಳಗಿನದರಲ್ಲಿ ತಾನೇ ಇಳಿದು ಇಂಜಿನ್ನಿಗೆ ಬರುತ್ತಿತ್ತು. ಪಂಪೂ ಇಲ್ಲ, ಬೆಲ್ಟೂ ಇಲ್ಲ. ಮೇಲಿನ ಕೊಳವೆಯ ಬಾಯಿ ಮಾತ್ರ ನೀರಲ್ಲಿ ಮುಳುಗಿರಬೇಕು. ಬಾಯಿ ಬಯಲಾದರೆ ನೀರಿನ ಓಡಾಟ ನಿಂತು ಇಂಜಿನ್ ಕಾದು ಕೆಟ್ಟಂತೆ. ಅಣು ವಿದ್ಯುತ್ ಸ್ಥಾವರದಲ್ಲೂ ಕರೆಂಟು ಹೋದಾಗ ನೀರು ತಾನೇ ಇಳಿದು ತಂಪು ಮಾಡಲೆಂದು ಎತ್ತರದಲ್ಲಿ ತೊಟ್ಟಿ ಇಡುತ್ತಾರಂತೆ, ಮೊಮ್ಮಗಳು ಓದಿ ಹೇಳಿದಳು. ಅಲ್ಲಿಗೆ ಅತ್ತೆಯರನ್ನು ಬಿಡುವುದಿಲ್ಲ ತಾನೇ ಎಂದು ಕೇಳಿದೆ.

ನಾನಾಗ ಬಾಣಂತಿ. ತಾಯಿ ಇರಲಿಲ್ಲ, ಹೆರಿಗೆ ಗಂಡನ ಮನೆಯಲ್ಲೇ ಆಯಿತು. ಹೆಣ್ಣು. ಬಾಣಂತಿಗೆ ಹಂಡೆಗಟ್ಟಲೆ ಸುಡುನೀರು ಹುಯ್ಯುವುದು ನಮ್ಮಲ್ಲಿ ಪದ್ಧತಿ. ಹೆಣ್ಣು ಹೆತ್ತವಳಿಗೆ ಸೌದೆ ದಂಡ ಎಂದು ಅತ್ತೆ ಬಚ್ಚಲೊಲೆ ಹಚ್ಚಲಿಲ್ಲ. ಗಿರಣಿ ಓಡುವಾಗಲೇ ತೊಟ್ಟಿಯ ಬಿಸಿನೀರು ಮೊಗೆದು ತಂದು ನನಗೆ ಹುಯ್ಯುತ್ತಿದ್ದಳು. ಆಮೇಲೆ ಬಾವಿಯ ತಣ್ಣೀರು ತಂದು ತೊಟ್ಟಿ ತುಂಬುತ್ತಿದ್ದಳು. ಆ ದಿನ ಹಬ್ಬದ ಮುಂಚೆ ರಾಗಿ ಬೀಸಿಸಲು ಬಂದ ಹೆಂಗಸರ ಜೊತೆ ಮಾತಿಗೆ ನಿಂತು ತುಂಬುವುದನ್ನು ಬಿಟ್ಟಳು. ಇಂಜಿನ್ ಕಿರುಚಿ, ಹೊಗೆ ಕಾರಿ, ಕಚ್ಚಿಕೊಂಡು ನಿಂತಿತು.

ಗಂಡ ಹಿಂದಕ್ಕೆ ಓಡಿ ಬಂದ. ನಾನು ಹಸಿ ತಲೆಯಲ್ಲಿ ಹಿತ್ತಿಲ ಬಾಗಿಲಲ್ಲಿದ್ದೆ. ಕೊಳವೆಯ ಬಾಯಿ ನೀರಿಗಿಂತ ಮೇಲೆ ಹಬೆಯಾಡುತ್ತಿತ್ತು, ಪಕ್ಕದಲ್ಲೇ ಅತ್ತೆಯ ಕೊಡ. ಎರಡನ್ನೂ ನೋಡಿದ.

ಅತ್ತೆ ಎಲ್ಲರೆದುರು ಹೇಳಿದಳು: “ಈ ಕೂಸು ಬಂದಿದ್ದೇ ಬಂದಿದ್ದು, ಅನ್ನ ಹಾಕೋ ಇಂಜಿನ್ ಸತ್ತೋತು. ನಾಳೆ ಮೊದ್ಲ ಬಸ್ಸಿಗೆ ಇವಳ್ನ ಅಣ್ಣನ ಮನಿಗೆ ಅಟ್ಟು. ಕೂಸು ಕಟ್ಕಂಡು ಅಲ್ಲೇ ಬಿದ್ದಿರ್ಲಿ.”

ಸಾಲಿನಲ್ಲಿದ್ದ ಒಬ್ಬಳು, ಈ ಬಾಣಂತಿಯ ಕಣ್ಣು ನಮ್ಮ ರಾಗಿಗೂ ಬಿದ್ದೀತು ಎಂದು ತನ್ನ ರಾಗಿಯ ಬುಟ್ಟಿ ಎತ್ತಿಕೊಂಡು ಹೊರಟಳು. ಉಳಿದವರೂ ಎತ್ತಿಕೊಂಡರು.

ಅಣ್ಣನ ಮನೆಯಲ್ಲಿ ನನಗೆ ಜಾಗವಿರಲಿಲ್ಲ. ಮದುವೆಯಾದ ದಿನವೇ ಅತ್ತಿಗೆ ನನ್ನ ಚಾಪೆಯನ್ನು ನಾಯಿಗೆ ಹಾಸಿದ್ದಳು. ಗಂಡನನ್ನು ಕೇಳಿದೆ: “ತೊಟ್ಟಿ ನೋಡಿದ್ರಲ್ಲ, ಒಂದ್ ಮಾತು ಹೇಳ್ರಿ.”

“ನಂಗೂ ಗೊತ್ತೈತೆ ಕಣೇ. ಅವ್ವನ್ನ ಮನಿಯಿಂದ ಅಟ್ಟಕಾಗುತ್ತಾ? ನಿನ್ನಾದ್ರೆ ಅಟ್ಟಬೋದು.”

ಮಾರನೆಯ ಬೆಳಗ್ಗೆ, ಅತ್ತೆ ಮಳೆಗಾಲಕ್ಕೆಂದು ಒಟ್ಟಿದ್ದ ಸೌದೆ ಎಳೆದು ಬಚ್ಚಲೊಲೆಗೆ ತುರುಕಿದೆ. ಹಂಡೆ ಕುದಿಯಿತು. ಕೂಸಿಗೆ ಎರೆದೆ, ನಾನೂ ಎರೆದುಕೊಂಡೆ. ಬಸ್ಸು ಹಾರನ್ ಹೊಡೆದು ಹೋಯಿತು; ನಾನು ಏಳಲಿಲ್ಲ. ಅತ್ತೆ ಮೈ ತೊಳೆಯಲು ಚೊಂಬು ಹಿಡಿದು ಬಂದಳು. ಹಂಡೆಯಲ್ಲಿ ಉಳಿದಿದ್ದನ್ನು ಅವಳೆದುರೇ ಮೋರಿಗೆ ಚೆಲ್ಲಿದೆ.